ತಟ್ಟಿಗೆ ಎಮ್ಮಿ ಗೋದಲಿ ಬ್ಯಾಡ್ರಿ

ಈ ಸಲ ಬೆಳಿ ಬಗ್ಗೆ ಅಲ್ಲ, ತಟ್ಟಿನ ಬಗ್ಗೆ ಬರೀತೀನಿ. ನಮ್ಮ ಘಟಪ್ರಭಾ ದಂಡಿ ಊರುಗಳಾಗ ಜಾತ್ರಿ ಶರ್ಯತ್ತಿಗೆ ಅಂತ, ಕುರಿ ಹಿಂಡಿನ ಸಾಮಾನು ಹೊರಾಕ ಅಂತ ಇನ್ನೂ ಕೆಲವರು ತಟ್ಟು ಸಾಕ್ಯಾರ. ಅದನ್ನ ಎಮ್ಮಿ ಪಕ್ಕದಾಗ ಕಟ್ಟಿ, ಎಮ್ಮಿಗೆ ಹಾಕಿದ್ದನ್ನ ಅದಕ್ಕೂ ಹಾಕೋದು ರೂಢಿ ಆಗೇತಿ. ಇದು ಸರಿ ಅಲ್ಲ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ.

ಎಮ್ಮಿ ಮೆಲುಕು ಹಾಕೋ ಪ್ರಾಣಿ, ಅದಕ್ಕ ನಾಕು ಕೋಣೆಯ ಹೊಟ್ಟಿ. ತಟ್ಟಿಗೆ ಇರೋದು ಒಂದೇ ಸಣ್ಣ ಹೊಟ್ಟಿ, ಹುಲ್ಲು ಕರಗೋದು ಅದರ ಹಿಂದಿನ ದೊಡ್ಡ ಕರುಳಿನಾಗ. ಹಿಂಗಾಗಿ ಅದು ದಿನವಿಡೀ ಸ್ವಲ್ಪ ಸ್ವಲ್ಪ ಮೇಯಬೇಕು. ದಿನಕ್ಕ ಎರಡೇ ಸಲ ಬುಟ್ಟಿ ತುಂಬ ಕಾಳು ಸುರಿದರ ಹೊಟ್ಟಿಶೂಲಿ ಬರತೈತಿ, ಇಲ್ಲಾ ಗೊರಸಿನೊಳಗ ಬಾವು ಬಂದು ಕಾಲು ಹಿಡಿತಾವ.

ಮೊದಲನೇದು ನೇಪಿಯರ್ ಹುಲ್ಲು. ಇದರಾಗ ಆಕ್ಸಲೇಟ್ ಅನ್ನೋ ಅಂಶ ಇರತೈತಿ, ಅದು ಸುಣ್ಣದ ಅಂಶ, ಅಂದ್ರ ಕ್ಯಾಲ್ಸಿಯಂ, ಮೈಗೆ ಹತ್ತದಂಗ ಕಟ್ಟಿಹಾಕತೈತಿ. ಎಮ್ಮಿ ಹೊಟ್ಟಿಯೊಳಗಿನ ಸೂಕ್ಷ್ಮಜೀವಿಗಳು ಅದನ್ನ ಬಹುಪಾಲು ಒಡೀತಾವ. ತಟ್ಟಿಗೆ ಆ ಅನುಕೂಲ ಇಲ್ಲ. ತಿಂಗಳಾನುಗಟ್ಟಲೆ ಬರೀ ನೇಪಿಯರ್ ತಿಂದರ ರಕ್ತಕ್ಕ ಬೇಕಾದ ಸುಣ್ಣ ಎಲುಬಿನಿಂದ ಬರತೈತಿ. ಆಮ್ಯಾಲ ಕುಂಟತೈತಿ, ಸೊರಗತೈತಿ, ಕೆಲವಕ್ಕ ಮೂಗಿನ ಎರಡೂ ಬದಿ ಎಲುಬು ಉಬ್ಬತಾವ.

ಆಗ ನಮ್ಮ ಮಂದಿ ಏನ್ ಮಾಡ್ತಾರ? ಶಕ್ತಿ ಕಡಿಮಿ ಆಗೇತಿ ಅಂತ ಗೋಧಿ ಬೂಸಾ ಜಾಸ್ತಿ ಹಾಕ್ತಾರ. ಗೋಧಿ ಬೂಸಾದಾಗ ಸುಣ್ಣಕ್ಕಿಂತ ರಂಜಕ ಸುಮಾರು 10 ಪಟ್ಟು ಹೆಚ್ಚು. ರಂಜಕ ಹೆಚ್ಚಾದಷ್ಟೂ ಸುಣ್ಣದ ಕೊರತಿ ಬಿಗಿ ಆಗತೈತಿ. ಪ್ರೀತಿಯಿಂದ ಹಾಕಿದ್ದೇ ಅದರ ಕಾಲು ಕಸಗೊಳ್ಳತೈತಿ.

ಇನ್ನ ಚೀಲದ ದನದ ಫೀಡು. ಕೆಲವು ದನದ ಮತ್ತ ಕೋಳಿ ಆಹಾರದಾಗ ಮೊನೆನ್ಸಿನ್ ಅನ್ನೋ ಔಷಧಿ ಕೂಡಿಸಿರ್ತಾರ. ದನಕ್ಕ, ಕೋಳಿಗೆ ಅದರಿಂದ ಉಪಯೋಗ ಐತಿ. ಕುದುರಿ ಜಾತಿಗೆ ಅದು ವಿಷ, ಹೃದಯಕ್ಕ ಪೆಟ್ಟು ಕೊಟ್ಟು ಜೀವ ತಗೀತೈತಿ. ಚೀಲದ ಬಾಯಿ ತಟ್ಟಿಗೆ ಸಿಗದಂಗ ಕಟ್ಟಿಡ್ರಿ.

ಹಂಗಾರ ಏನ್ ಹಾಕಬೇಕು? 200 ಕಿಲೋ ತಟ್ಟಿಗೆ ದಿನಕ್ಕ 3ರಿಂದ 4 ಕಿಲೋ ಒಣ ಮೇವು. ಕತ್ತರಿಸಿದ ಜೋಳದ ಕಣಿಕಿ, ಒಣಹುಲ್ಲು, ಬೂಷ್ಟು ಹಿಡಿದಿರಬಾರದು. ಜೊತಿಗೆ ಎರಡು ಕಿಲೋದಷ್ಟು ಹಸಿ ಕುದುರೆ ಮಸಾಲೆ ಹುಲ್ಲು, ಅಂದ್ರ ಲೂಸರ್ನ್. ಸುಣ್ಣದ ಅಂಶ ಅದರಾಗ ಚಲೋ ಐತಿ. ಬೆವರು ಸುರಿಸಿ ದುಡಿಯೋ ತಟ್ಟಿಗೆ ಅರ್ಧದಿಂದ ಒಂದು ಕಿಲೋ ಕಾಳು ಸಾಕು. ನೆನೆಸಿ ಬೇಯಿಸಿದ ಹುರಳಿ ಹಳೇ ಪದ್ಧತಿ, ಚಲೋ ಪದ್ಧತಿ. ಆದರ ಅದನ್ನ ಎರಡು ಮೂರು ಪಾಲು ಮಾಡಿ ಹಾಕ್ರಿ. ನಿಂತು ಉಣ್ಣೋ ತಟ್ಟಿಗೆ ಕಾಳಿನ ಅಗತ್ಯಾನೇ ಇಲ್ಲ. ಸುಮಾರು 20 ಗ್ರಾಂ ಉಪ್ಪು, ಹಗಲು ರಾತ್ರಿ ನೀರು. ಮೇವು ಬದಲಿಸೋದಿದ್ರ ಹತ್ತು ದಿನ ತಗೊಂಡು ಬದಲಿಸ್ರಿ.

ಜಾತ್ರಿ ಹತ್ತಿರ ಬಂದಾಗ ಹೊಟ್ಟಿ ನೋಡಿ "ಮೈ ತುಂಬೇತಿ" ಅನ್ನೋರು ಬಾಳ. ಹೊಟ್ಟಿ ಜಂತುವಿನಿಂದಲೂ ಬರತೈತಿ, ಕಸುವಿಲ್ಲದ ಮೇವಿನಿಂದಲೂ ಬರತೈತಿ. ಪಕ್ಕಿ ಎಲುಬು ಕಣ್ಣಿಗೆ ಕಾಣಬಾರದು, ಕೈ ಆಡಿಸಿದರ ಸಿಗಬೇಕು, ಅದು ಸರಿಯಾದ ಮೈ. ತೂಕ ಬೇಕಂದ್ರ ಟೇಪು ಸಾಕು. ಮುಂಗಾಲ ಹಿಂದ ಎದಿ ಸುತ್ತಳತಿ, ಭುಜದ ತುದಿಯಿಂದ ಪಿರ್ರಿ ಎಲುಬಿನ ತನಕ ಉದ್ದ, ಎರಡೂ ಸೆಂಟಿಮೀಟರಿನಾಗ ತಗೊಳ್ರಿ. ಸುತ್ತಳತಿಗೆ ಸುತ್ತಳತಿ ಗುಣಿಸಿ, ಅದಕ್ಕ ಉದ್ದ ಗುಣಿಸಿ, 11,880ರಿಂದ ಭಾಗಿಸ್ರಿ. ಸುತ್ತಳತಿ 140, ಉದ್ದ 130 ಇದ್ದರ ಸುಮಾರು 214 ಕಿಲೋ. ಹದಿನೈದು ದಿನಕ್ಕೊಮ್ಮೆ ಬರೆದಿಟ್ಟರ ಏರೇತೋ ಇಳದೇತೋ ಗೊತ್ತಾಗತೈತಿ. ಚಲೋ ಮೇವು ಹಾಕಿದರೂ ಸೊರಗಿದರ ಮೊದಲು ಹಲ್ಲು, ಜಂತು ಎರಡನ್ನೂ ಡಾಕ್ಟರಿಗೆ ತೋರಸ್ರಿ.

"ನಮ್ಮ ಅಜ್ಜಾರು ಇಷ್ಟೆಲ್ಲಾ ಲೆಕ್ಕಾ ಮಾಡಿದ್ರೇನು?" ಅಂತ ಕೇಳಬಹುದು. ಅವರಿಗೆ ಲೆಕ್ಕದ ಜರೂರಿ ಇರಲಿಲ್ಲ. ಹೊಲದಾಗ ಜೋಳ ಇತ್ತು, ಬಣಿವಿಯಾಗ ಕಣಿಕಿ ಇತ್ತು, ತಟ್ಟು ಬಯಲಾಗ ಹತ್ತಾರು ತರದ ಹುಲ್ಲು ಮೇಯತಿತ್ತು. ಈಗ ನಾವು ಬದುವಿನ ತನಕ ಕಬ್ಬು ಹಚ್ಚೀವಿ, ಕಣಿಕಿ ಕೊಂಡು ತರೋ ಕಾಲ ಬಂದೈತಿ. ಅದಕ್ಕಂತಲೇ ತಟ್ಟಿನ ಪಾಲಿಗೆ ಎಮ್ಮಿ ಗೋದಲಿ ಬಂತು. ಖರ್ಚು ಬರತೈತಿ ಅನ್ನೋದು ನಿಜ. ಆದರ ತಟ್ಟು ದುಡಿಯೋದು ಕಾಲಿನ ಮ್ಯಾಲ. ಕಾಲು ಹೋದರ ಶರ್ಯತ್ತೂ ಇಲ್ಲ, ಹೊರಿಯೂ ಇಲ್ಲ, ಕೊಳ್ಳೋರೂ ಇಲ್ಲ.

ತಟ್ಟು ಇಟ್ಟುಕೊಂಡೋರು ಕಬ್ಬಿನ ಬದಿಗೆ ಎರಡು ಗುಂಟೆ ಕುದುರೆ ಮಸಾಲೆ, ಹಿಂಗಾರಿಯಾಗ ನಾಕು ಸಾಲು ಜೋಳ ಬಿಡ್ರಿ. ಅಷ್ಟು ಜಾಗಾನೂ ಬಿಡಾಕ ಆಗದಿದ್ದರ ತಟ್ಟು ಸಾಕೋ ಹಟ ಬಿಡೋದು ಮೇಲು.