ಹಳಿಯಿಲ್ಲದ ದಾರಿಯ ಪಯಣಿಗ

ಶಹಾಬಾದಿನಿಂದ ಬಂದ ರೈಲು ವಾಡಿ ಜಂಕ್ಷನ್ನಿನಲ್ಲಿ ಚಿತ್ತಾಪುರ, ಸೇಡಂ ಕಡೆಗೆ ಹೊರಳಬಹುದು. ಯಾದಗಿರಿ, ರಾಯಚೂರಿನ ಕಡೆಗೂ ಸಾಗಬಹುದು. ಹಳಿ ಕೂಡಿಸಿದ ಮೇಲೆ ದಾರಿ ತಪ್ಪುವ ಮಾತಿಲ್ಲ. ಆದರೆ ಕಣ್ಣಿಲ್ಲದ, ಮಿದುಳಿಲ್ಲದ, ಹಳಿಯೂ ಇಲ್ಲದ ಜೀವಕೋಶವೊಂದು ನಮ್ಮ ಮೈಯೊಳಗೆ ದಾರಿ ಹಿಡಿದು ಹೋಗುವುದು ಹೇಗೆ?

ಚಿಂಚೋಳಿಯ ಹೊಲದಲ್ಲಿ ನಿಮ್ಮ ಕಾಲಿಗೆ ತೊಗರಿ ಕೂಳೆ ಚುಚ್ಚಿತೆನ್ನಿ. ಗಾಯದಿಂದ ಕೆಲವು ರಾಸಾಯನಿಕಗಳು ಸುತ್ತಲೂ ಹರಡುತ್ತವೆ. ರಕ್ತನಾಳದಲ್ಲಿರುವ ಬಿಳಿ ರಕ್ತಕಣಗಳು ಆ ಜಾಡು ಹಿಡಿದು, ನಾಳದ ಗೋಡೆ ನುಸುಳಿ ಹೊರಡುತ್ತವೆ. ರಾಸಾಯನಿಕ ಹೆಚ್ಚಿರುವ ಕಡೆಗೆ ಕಣದ ಅಂಚು ಚಾಚುತ್ತದೆ. ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆದು ಅದನ್ನು ಮುಂದಕ್ಕೆ ತಳ್ಳುತ್ತವೆ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಹಿಂಬದಿಯನ್ನು ಸೆಳೆದುಕೊಳ್ಳುತ್ತದೆ. ಒಂದು ಮಿಲಿಮೀಟರ್ ಸಾಗಲು ಸಾಮಾನ್ಯವಾಗಿ ಒಂದು ಗಂಟೆಗೂ ಹೆಚ್ಚು ಬೇಕು!

ಎರಡು ದಿಕ್ಕಿಗೆ ಮುಖ ಚಾಚಿದರೆ ಕಣ ನಿಂತಲ್ಲೇ ಉಳಿದೀತು. ಹಾಗಾಗದಂತೆ, ಚಾಚಿದ ಮುಂಬದಿಯು ಕಣದ ಪೊರೆಯನ್ನು ಬಿಗಿಗೊಳಿಸಿ, ಬೇರೆಡೆ ಇನ್ನೊಂದು ಮುಖ ಮೂಡದಂತೆ ತಡೆಯುತ್ತದೆ. ಜೊತೆಗೆ ಆಕ್ಟಿನ್ ಹಿಂದಕ್ಕೆ ಹರಿಯುತ್ತ, 'ಇದು ಹಿಂಬದಿ' ಎಂದು ಗುರುತಿಸುವ ಅಣುಗಳನ್ನು ಅತ್ತ ಒಯ್ಯುತ್ತದೆ. ಹರಿವು ಜೋರಾದಷ್ಟೂ ಆ ಗುರುತು ಗಟ್ಟಿ. ಹೀಗಾಗಿ ವೇಗವಾಗಿ ಸಾಗುವ ಜೀವಕೋಶ ನೇರವಾಗಿಯೂ ಸಾಗುತ್ತದೆಂದು 2015ರಲ್ಲಿ ವಿಜ್ಞಾನಿಗಳು ತೋರಿಸಿದರು. ಶಾಲೆಯ ನಿಧಾನ ಸೈಕಲ್ ಸ್ಪರ್ಧೆಯಲ್ಲಿ ಓಲಾಡುವ ಸೈಕಲ್ಲು, ಜೋರಾಗಿ ತುಳಿದೊಡನೆ ನೆಟ್ಟಗಾಗುವುದಿಲ್ಲವೇ? ಕಾರಣ ಬೇರೆ, ಪರಿಣಾಮ ಅದೇ.

ಆದರೆ ಗುರಿ ಮುಟ್ಟಿದ ಮಾತ್ರಕ್ಕೆ ಗೆದ್ದಂತಲ್ಲ. ಶ್ವಾಸಕೋಶದಲ್ಲಿ ಧೂಳು ನುಂಗುವ ಕಣಗಳೂ ಹೀಗೆಯೇ ತೆವಳುತ್ತವೆ. ನಮ್ಮ ಕಡೆಯ ಫರಸಿ ಸುಣ್ಣಕಲ್ಲಾದರೂ ಅದರಲ್ಲಿ ಸಿಲಿಕಾ ಬೆರೆತಿರುತ್ತದೆ. ಕಲ್ಲು ಕೊಯ್ಯುವಾಗ ಏಳುವ ಸಿಲಿಕಾ ಧೂಳನ್ನು ನುಂಗಿದ ಕಣ ಅದನ್ನು ಅರಗಿಸಲಾರದೆ ತಾನೇ ಸಾಯುತ್ತದೆ. ಸಿಲಿಕಾ ಮತ್ತೆ ಹೊರಬಿದ್ದು ಇನ್ನೊಂದು ಕಣದ ಪಾಲಾಗುತ್ತದೆ. ವರ್ಷಗಟ್ಟಲೆ ಹೀಗೆ ನಡೆದರೆ ಶ್ವಾಸಕೋಶ ಗಡುಸಾಗುತ್ತದೆ. ಇದೇ ಸಿಲಿಕೋಸಿಸ್. ಒಮ್ಮೆ ಬಂದರೆ ಪೂರ್ತಿ ಗುಣಪಡಿಸುವ ಮದ್ದಿಲ್ಲ.

ಆದ್ದರಿಂದ ಮಕ್ಕಳೇ, ಮನೆಯಲ್ಲಿ ಕಲ್ಲಿನ ಕೆಲಸಕ್ಕೆ ಹೋಗುವವರಿದ್ದರೆ ಇಂದೇ ಹೇಳಿ: ಕಲ್ಲು ಕೊಯ್ಯುವಾಗ ನೀರು ಹರಿಯುತ್ತಿರಲಿ. ಬರೀ ಟವೆಲ್ ಸಾಲದು, ಸಣ್ಣ ಧೂಳನ್ನೂ ತಡೆಯುವ ಮಾಸ್ಕ್ ಬೇಕು. ಧೂಳು ಹಿಡಿದ ಬಟ್ಟೆಯನ್ನು ಮನೆಯೊಳಗೆ ಝಾಡಿಸುವುದು ಬೇಡ. ದಾರಿ ತಪ್ಪದೆ ದುಡಿಯುವ ಆ ಕಣಗಳಿಗೆ ನಾವು ಮಾಡಬಹುದಾದ ಉಪಕಾರ ಇಷ್ಟೇ.