ಹತ್ತರವರೆಗೆ ಅಂದರೆ ಹತ್ತೂ ಸೇರಬೇಕು

ಗೆಳೆಯ ಗೆಳತಿಯರೇ, ಹೋದ ಶನಿವಾರ ಕಂಪ್ಯೂಟರ್ ಕ್ಲಾಸಿನಲ್ಲಿ ನೀವೆಲ್ಲ ನನ್ನನ್ನು ನೋಡಿ ನಕ್ಕಿರಿ. ಪರದೆಯ ಮೇಲೆ ನನ್ನ 17ರ ಮಗ್ಗಿ 153ಕ್ಕೇ ನಿಂತುಬಿಟ್ಟಿತ್ತು, 170 ಬರಲೇ ಇಲ್ಲ. ಏಳನೇ ಕ್ಲಾಸಿಗೆ ಬಂದರೂ ಮಗ್ಗಿ ಪೂರ್ತಿ ಬರಲ್ವಾ ಅಂದಿರಿ. ಮಗ್ಗಿ ನನಗೆ ಬಾಯಿಪಾಠ ಬರುತ್ತೆ. ತಪ್ಪು ಆ ಭಾಷೆ ಮಾಡಿದವರದು ಅಂತ ನನ್ನ ವಾದ.

ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡು ಅಂತ ಕಂಪ್ಯೂಟರಿಗೆ ಹೇಳುವುದಕ್ಕೆ ಲೂಪ್ ಅನ್ನುತ್ತಾರೆ. ಪೈಥಾನ್ ಭಾಷೆಯಲ್ಲಿ ನಾನು ರೇಂಜ್ (1, 10) ಅಂತ ಬರೆದೆ. ಅದು 9ಕ್ಕೆ ಮುಗಿಸಿತು. 10 ಬೇಕಾದರೆ 11 ಅಂತ ಬರೆಯಬೇಕಂತೆ! ‘ಐದನೇ ಪಾಠದವರೆಗೆ ಪರೀಕ್ಷೆ’ ಅಂತ ಮೇಷ್ಟ್ರು ಹೇಳಿದಾಗ ಐದನೇ ಪಾಠ ಓದದೆ ಬಂದರೆ ಸುಮ್ಮನೆ ಬಿಡ್ತಾರಾ?

1964ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಮೆನಿ ಮತ್ತು ಕರ್ಟ್ಜ್ ಎಂಬ ಇಬ್ಬರು ಗಣಿತದ ಮೇಷ್ಟ್ರು ವಿದ್ಯಾರ್ಥಿಗಳಿಗೋಸ್ಕರ ಬೇಸಿಕ್ ಭಾಷೆ ಮಾಡಿದರು. ಅದರಲ್ಲಿ ‘ಫಾರ್ ಐ = 1 ಟು 10’ ಅಂದರೆ 10 ಕೂಡ ಸೇರುತ್ತೆ. ಮೇಷ್ಟ್ರು ಮಾಡಿದ ಭಾಷೆ ನೋಡಿ, ಅದಕ್ಕೇ ಸರಿಯಾಗಿದೆ.

ಆದರೆ ಹಾಲೆಂಡಿನ ದೊಡ್ಡ ವಿದ್ವಾಂಸರು ಡೈಕ್‌ಸ್ಟ್ರಾ 1982ರಲ್ಲಿ ಬೇರೆ ಥರ ಹೇಳಿದರು. ಕೊನೆಯ ಸಂಖ್ಯೆ ಬಿಟ್ಟರೇ ಒಳ್ಳೆಯದಂತೆ. 2ರಿಂದ ಶುರು ಮಾಡಿ 13 ಬಿಟ್ಟು ಎಣಿಸಿದರೆ ಎಷ್ಟು ಸಂಖ್ಯೆ? 13ರಲ್ಲಿ 2 ಕಳೆದರೆ ಆಯ್ತು, 11. ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದೆ. 9 ಗಂಟೆಯಿಂದ 11 ಗಂಟೆಯವರೆಗೆ ಪರೀಕ್ಷೆ ಅಂದರೆ 2 ಗಂಟೆ, ಕಳೆದರೆ ಸಾಕು. ಆದರೆ 9ನೇ ತಾರೀಖಿನಿಂದ 11ರವರೆಗೆ ರಜೆ ಅಂದರೆ 3 ದಿನ. ಎರಡೇ ದಿನ ಅಂದರೆ ನೀವು ಒಪ್ತೀರಾ? ಅಂದಮೇಲೆ ನಮ್ಮ ‘ವರೆಗೆ’ಯಲ್ಲೇ ಎರಡು ಥರ ಇದೆ.

ಹಾಗಾಗಿ ಭಾಷೆಯಲ್ಲಿ ಎರಡೂ ಇರಲಿ, ಆದರೆ ನೋಡಿದ ಕೂಡಲೇ ಯಾವುದು ಅಂತ ಗೊತ್ತಾಗಬೇಕು. ರೂಬಿ ಭಾಷೆಯಲ್ಲಿ 1..10 ಅಂದರೆ 10 ಸೇರುತ್ತೆ, 1...10 ಅಂದರೆ ಸೇರಲ್ಲ. ಒಂದು ಚುಕ್ಕೆ ಜಾಸ್ತಿ ಇಟ್ಟರೆ ಒಂದು ಸಂಖ್ಯೆ ಕಡಿಮೆ! ನಾನು ಬರೆದ ಚುಕ್ಕೆ ಎಷ್ಟು ಅಂತ ಒಮ್ಮೊಮ್ಮೆ ನನಗೇ ಗೊತ್ತಾಗಲ್ಲ. 2014ರಲ್ಲಿ ಬಂದ ಸ್ವಿಫ್ಟ್ ಭಾಷೆಯಲ್ಲಿ 10 ಬೇಡವಾದರೆ 1..<10 ಅಂತ ಬರೀತಾರೆ. 10ಕ್ಕಿಂತ ಚಿಕ್ಕದು ಅನ್ನುವ ಗುರುತು ಅದರೊಳಗೇ ಇದೆ. ಗಣಿತದಲ್ಲಿ ನಾವೆಲ್ಲ ಕಲಿತಿದ್ದೇ. ನನಗೆ ಇದೇ ಇಷ್ಟ.

ನನ್ನ ಮಗ್ಗಿಗೆ ಈಗ 11 ಹಾಕಿದ್ದೀನಿ, 170 ಬರ್ತಾ ಇದೆ. ನಕ್ಕವರು ಬಂದು ನೋಡಬಹುದು.

— 7ನೇ ತರಗತಿಯ ವಿದ್ಯಾರ್ಥಿನಿ