ಬ್ಯಾಕ್ ಆಟಗಾರ, ಮೇಸ್ತ್ರಿ, ಧಣಿ

ಫುಟ್‌ಬಾಲ್ ಆಟದಲ್ಲಿ ಗೋಲು ಹೊಡೆದವನ ಹೆಸರು ಮಾರನೆಯ ದಿನ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಗೋಲು ಆಗದಂತೆ ತಡೆದ ಬ್ಯಾಕ್ ಆಟಗಾರನ ಹೆಸರು ಅಚ್ಚಾಗಬೇಕಾದರೆ ಆತ ಒಮ್ಮೆ ಎಡವಬೇಕು. ಪಾಳಿಯುದ್ದಕ್ಕೂ ಎಳೆ ಕಡಿಯದಂತೆ ಕಾದವನನ್ನು ಯಾರೂ ವಿಚಾರಿಸುವುದಿಲ್ಲ. ಕಡಿದಾಗ ಮಾತ್ರ ಮೇಸ್ತ್ರಿ ಬಂದು ನಿಲ್ಲುತ್ತಾನೆ. ಟಿ. ನರಸೀಪುರದ ರೇಷ್ಮೆ ಫಿಲೇಚರಿನಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಈ ಸಲ ಅಂಥ ಒಬ್ಬ ಬ್ಯಾಕ್ ಆಟಗಾರನ ವಿಚಾರ. ಮೂಗೂರಿನಲ್ಲಿ ಕುಳಿತು ಇಂಗ್ಲೆಂಡಿನವನ ಪುರಾಣವೇಕೆ ಎನ್ನುವವರು ಸ್ವಲ್ಪ ತಾಳಬೇಕು. ಆತನಿಗೆ ದೊಡ್ಡ ಹೆಸರು ಬಂದದ್ದು ಬೆಂಗಳೂರಿನಲ್ಲಿಯೇ.

ಹೆಸರು ಆಶ್ಲಿ ವೆಸ್ಟ್‌ವುಡ್. ಹುಟ್ಟಿದ್ದು 1976ರಲ್ಲಿ, ಸೆವರ್ನ್ ನದಿಯ ದಡದ ಬ್ರಿಜ್‌ನಾರ್ತ್ ಎಂಬ ಪುಟ್ಟ ಊರಿನಲ್ಲಿ. ಹುಡುಗನಾಗಿ ಮ್ಯಾಂಚೆಸ್ಟರ್ ಯುನೈಟೆಡ್ ಎಂಬ ಮಹಾ ಕ್ಲಬ್ಬಿನಲ್ಲಿ ಕೆಲಸ ಕಲಿತ. ಆದರೆ ಅಲ್ಲಿಯ ಮುಖ್ಯ ತಂಡದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 1995ರಲ್ಲಿ ಕ್ರೂ ಎಂಬ ಊರಿನ ತಂಡಕ್ಕೆ ಹೋದ. ರೈಲ್ವೆ ಕಾರ್ಖಾನೆಯಿಂದಲೇ ಬೆಳೆದ ಊರು ಅದು. 1998ರಲ್ಲಿ ಬ್ರಾಡ್‌ಫರ್ಡ್, 2000ದಲ್ಲಿ ಶೆಫೀಲ್ಡ್ ವೆನ್ಸ್‌ಡೇ. ಬ್ರಾಡ್‌ಫರ್ಡ್ ಎಂದರೆ ಒಂದು ಕಾಲಕ್ಕೆ ಲೋಕಕ್ಕೆಲ್ಲ ಉಣ್ಣೆ ಬಟ್ಟೆ ನೇಯ್ದ ಗಿರಣಿಗಳ ಊರು. ಶೆಫೀಲ್ಡ್ ಉಕ್ಕಿನ ಊರು. ಈ ‘ವೆನ್ಸ್‌ಡೇ’ ಎಂಬ ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. ಬುಧವಾರ ಅರ್ಧ ದಿನ ಬಿಡುವು ಪಡೆಯುತ್ತಿದ್ದ ಶೆಫೀಲ್ಡಿನ ಕಸುಬುದಾರರು ಕಟ್ಟಿಕೊಂಡ ಕ್ರಿಕೆಟ್ ಸಂಘವೇ 1867ರಲ್ಲಿ ಫುಟ್‌ಬಾಲ್ ತಂಡವನ್ನೂ ಹೂಡಿತು. ಕೆಲಸಗಾರನಿಗೆ ಅರ್ಧ ದಿನ ರಜೆ ಸಿಕ್ಕಿದ್ದರಿಂದ ಹುಟ್ಟಿದ ಕ್ಲಬ್ಬು ನೂರೈವತ್ತು ವರ್ಷ ದಾಟಿ ಬಾಳಿದೆ. ಬಿಡುವು ಕೇಳಿದರೆ ಸೋಮಾರಿತನವೆಂದು ಹೀಗಳೆಯುವ ನಮ್ಮ ಧಣಿಗಳು ಇದನ್ನು ಗಮನಿಸಲಿ.

ವೆಸ್ಟ್‌ವುಡ್ ಮೊದಲ ದರ್ಜೆಯ ತಾರೆಯಲ್ಲ. ಬ್ರಾಡ್‌ಫರ್ಡ್ ತಂಡ 1999ರಲ್ಲಿ ಅಲ್ಲಿಯ ಅತಿ ಮೇಲಿನ ದರ್ಜೆಗೆ ಏರಿದಾಗ ತಂಡದಲ್ಲಿದ್ದ. ಅದೇ ಆತ ಕಂಡ ಎತ್ತರ. ಆಮೇಲೆ ನಾರ್ತ್‌ಹ್ಯಾಂಪ್ಟನ್, ಚೆಸ್ಟರ್, ಸ್ವಿಂಡನ್, ಪೋರ್ಟ್ ವೇಲ್, ಸ್ಟೀವನೇಜ್, ರೆಕ್ಸಮ್, ಕ್ರಾಲಿ ಹೀಗೆ ಕರಾರು ಮುಗಿದಾಗಲೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಊರೂರು ತಿರುಗಿದ. ಆಟಗಾರನ ಸಂಬಳ ದೊಡ್ಡದೆಂದು ಹೊಟ್ಟೆ ಉರಿದುಕೊಳ್ಳುವವರು ಈ ಊರುಗಳ ಪಟ್ಟಿಯನ್ನು ಒಮ್ಮೆ ಓದಬೇಕು. ಮೊಣಕಾಲು ಇರುವ ತನಕ ಕೂಲಿ, ಅದು ಹೋದ ದಿನ ಲೆಕ್ಕ ಚುಕ್ತಾ.

ಆಟ ನಿಂತ ಮೇಲೆ ಈತ ಮೈಕೆಲ್ ಆಪಲ್‌ಟನ್ ಎಂಬುವರ ಕೈಕೆಳಗೆ ಪೋರ್ಟ್ಸ್‌ಮತ್ ಕ್ಲಬ್ಬಿನಲ್ಲಿ ಸಹಾಯಕ ತರಬೇತುದಾರನಾದ. 2012ರಲ್ಲಿ ಆ ಕ್ಲಬ್ಬು ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ವಶಕ್ಕೆ ಹೋಯಿತು. ಧಣಿಗಳು ಒಬ್ಬರಾದ ಮೇಲೊಬ್ಬರು ಬಂದು ಕೈಯೆತ್ತಿ ಹೋಗಿದ್ದರು. ಆಗ ಊರಿನ ಜನ ತಲೆಗೆ ಸಾವಿರ ಪೌಂಡಿನಂತೆ ಪಾಲು ಹಾಕಿ, 2013ರ ಏಪ್ರಿಲಿನಲ್ಲಿ ಕ್ಲಬ್ಬನ್ನು ತಾವೇ ಕೊಂಡುಕೊಂಡರು; ನಾಲ್ಕು ವರ್ಷ ನಡೆಸಿದರು. 2017ರಲ್ಲಿ ಅವರೇ ಅದನ್ನು ಒಬ್ಬ ಅಮೆರಿಕನ್ ಶ್ರೀಮಂತನಿಗೆ ಮಾರಿದ್ದೂ ಉಂಟು. ಅದನ್ನು ಮುಚ್ಚಿಡಬೇಕಾಗಿಲ್ಲ, ಸಹಕಾರ ಸಂಘ ನಡೆಸಿದವರಿಗೆ ಬಂಡವಾಳದ ಕಷ್ಟ ಗೊತ್ತೇ ಇದೆ. ಆದರೆ ಮುಳುಗುತ್ತಿದ್ದ ಹಡಗನ್ನು ದಡಕ್ಕೆ ತಂದವರು ಧಣಿಗಳಲ್ಲ, ಟಿಕೀಟು ಕೊಂಡು ಆಟ ನೋಡುತ್ತಿದ್ದ ಜನ.

ಅದೇ 2013ರಲ್ಲಿ ವೆಸ್ಟ್‌ವುಡ್ ಬೆಂಗಳೂರಿಗೆ ಬಂದ. ತೋರಣಗಲ್ಲಿನಲ್ಲಿ ಉಕ್ಕು ಕಾಯಿಸುವ ಜಿಂದಾಲ್ ಕಂಪನಿಯವರು ಬೆಂಗಳೂರು ಎಫ್‌ಸಿ ಎಂಬ ಹೊಸ ಕ್ಲಬ್ಬು ಕಟ್ಟಿದ್ದರು. ಈ ಕ್ಲಬ್ಬು ಕೆಳಗಿನ ದರ್ಜೆಯಲ್ಲಿ ಆಡಿ, ಗೆದ್ದು ಮೇಲೆ ಬಂದದ್ದಲ್ಲ. ರಾಷ್ಟ್ರೀಯ ಲೀಗಿಗೆ ನೇರ ಪ್ರವೇಶವನ್ನು ಬಿಡ್ ಮಾಡಿ ಪಡೆದದ್ದು. ಅದಕ್ಕೆ ಒಂದು ವರ್ಷ ಮುಂಚೆ, 2012ರಲ್ಲಿ, ಬೆಂಗಳೂರಿನ ಎಚ್.ಎ.ಎಲ್. ತಂಡ ಸೋತು ಅದೇ ಲೀಗಿನಿಂದ ಕೆಳಗಿಳಿದಿತ್ತು. ಸರಕಾರಿ ಕಾರ್ಖಾನೆಯ ತಂಡ ಏಣಿಯ ಮೆಟ್ಟಿಲು ಇಳಿಯಬೇಕು, ಉಕ್ಕಿನ ಧಣಿಯ ತಂಡಕ್ಕೆ ಏಣಿಯೇ ಬೇಡ ಎಂಬುದು ಎಂಥ ನ್ಯಾಯ?

ಹಾಗೆಂದು ಮೇಸ್ತ್ರಿಯ ಕೆಲಸವನ್ನು ತೆಗಳಲಾಗದು. ವೆಸ್ಟ್‌ವುಡ್ ಬ್ಯಾಕ್ ಆಟಗಾರನ ಬುದ್ಧಿಯಿಂದಲೇ ತಂಡ ಕಟ್ಟಿದ. ಹಿಂದಿನ ಸಾಲಿನ ನಡುವೆ ಇಂಗ್ಲೆಂಡಿನ ಜಾನ್ ಜಾನ್ಸನ್, ಕೀನ್ಯಾದ ಕರ್ಟಿಸ್ ಒಸಾನೊ ಇಬ್ಬರನ್ನು ಗೋಡೆಯಂತೆ ನಿಲ್ಲಿಸಿದ. ಗೋಲು ಹೊಡೆಯಲು ಮುಂದೆ ಸುನಿಲ್ ಛೆಟ್ರಿ ಇದ್ದರು. ಊಟ, ವ್ಯಾಯಾಮ, ನಿದ್ರೆ ಎಲ್ಲಕ್ಕೂ ಲೆಕ್ಕ. ಎದುರಾಳಿಗಳು ಕಡೆಯ ಇಪ್ಪತ್ತು ನಿಮಿಷ ಏದುಸಿರು ಬಿಡುವಾಗ ಈ ಹುಡುಗರು ಓಡುತ್ತಲೇ ಇರುತ್ತಿದ್ದರು. 2013ರ ಸೆಪ್ಟೆಂಬರಿನಲ್ಲಿ ಮೋಹನ್ ಬಗಾನ್ ವಿರುದ್ಧ 1–1ರ ಸಮದಿಂದ ಹೊರಟ ತಂಡ, 2014ರ ಏಪ್ರಿಲ್ 21ರಂದು ಗೋವೆಯಲ್ಲಿ ಡೆಂಪೊ ತಂಡವನ್ನು 4–2ರಿಂದ ಸೋಲಿಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. ಮರುವರ್ಷ ಫೆಡರೇಷನ್ ಕಪ್. 2015ರ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಇನ್ನೇನು ಎರಡನೆಯ ಲೀಗೂ ಬಂತೆನ್ನುವಾಗ, 87ನೆಯ ನಿಮಿಷದಲ್ಲಿ ಮೋಹನ್ ಬಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಒಳಗೆ ತಳ್ಳಿದ; ಪಟ್ಟ ಕಲ್ಕತ್ತೆಗೆ ಹೋಯಿತು. ಹೊಡೆದವನೂ ಬ್ಯಾಕ್ ಆಟಗಾರನೇ! 2016ರಲ್ಲಿ ಆ ಪಟ್ಟ ಮರಳಿ ಬಂದಿತು. ಮೂರು ವರ್ಷ, ಮೂರು ಕಿರೀಟ. ಆ ಬೇಸಗೆಯಲ್ಲಿ ಆತ ಕ್ಲಬ್ಬು ಬಿಟ್ಟ.

ಮುಂದೆ ಪಂಜಾಬಿನ ತಂಡ, 2023ರಲ್ಲಿ ಅಫ್ಘಾನಿಸ್ತಾನ, 2024ರಲ್ಲಿ ಹಾಂಗ್‌ಕಾಂಗ್. 2024ರ ಮಾರ್ಚಿನಲ್ಲಿ ಗುವಾಹಟಿಯಲ್ಲಿ ಭಾರತವನ್ನು 2–1ರಿಂದ ಸೋಲಿಸಿದ ಅಫ್ಘನ್ ತಂಡಕ್ಕೂ, 2025ರ ಜೂನಿನಲ್ಲಿ 1–0ಯಿಂದ ಸೋಲಿಸಿದ ಹಾಂಗ್‌ಕಾಂಗ್ ತಂಡಕ್ಕೂ ಈತನೇ ಗುರು. ನಮ್ಮ ಮೈದಾನದಲ್ಲಿ ನಮ್ಮ ಹುಡುಗರನ್ನು ಓದಿಕೊಂಡು ಹೋದವನು ನಮಗೇ ಪರೀಕ್ಷೆ ಕೊಟ್ಟ.

ಈಗ ನಮ್ಮವರ ಮಾತಿಗೆ ಬರೋಣ. ಮೈಸೂರು ಸಂಸ್ಥಾನ ಫುಟ್‌ಬಾಲಿಗೆ ಬಡ ನಾಡೇನೂ ಅಲ್ಲ. ಬೆಂಗಳೂರ್ ಮುಸ್ಲಿಮ್ಸ್ ತಂಡ 1937, 1938ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ಮೇಲೆ ಭಾರತದ ಒಂದೇ ಗೋಲು ಹೊಡೆದ ರಾಮನ್ ಬೆಂಗಳೂರಿನವರು. ನಂಜನಗೂಡಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತ ಎನ್. ಎಸ್. ಮಂಜು, ಮಹೀಂದ್ರ ಯುನೈಟೆಡ್ ತಂಡದಲ್ಲೂ ಭಾರತದ ತಂಡದಲ್ಲೂ ಇದೇ ಬ್ಯಾಕ್ ಜಾಗದಲ್ಲಿ ನಿಂತು ಆಡಿದವರು. ಆ ಮಹೀಂದ್ರ ತಂಡಕ್ಕೆ ಏನಾಯಿತು? 2010ರಲ್ಲಿ ಧಣಿಗಳು ಬೀಗ ಹಾಕಿದರು. ಫಗ್ವಾಡದ ಜೆ.ಸಿ.ಟಿ. ಬಟ್ಟೆ ಗಿರಣಿಯ ತಂಡ, 1996–97ರಲ್ಲಿ ದೇಶದ ಮೊಟ್ಟಮೊದಲ ರಾಷ್ಟ್ರೀಯ ಲೀಗ್ ಗೆದ್ದದ್ದು, 2011ರಲ್ಲಿ ಮುಚ್ಚಿತು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಆ ಗಿರಣಿ ತಂಡದ ಮುಖ್ಯ ಆಟಗಾರರಲ್ಲೊಬ್ಬರು. ಆಮೇಲೆ ತರಬೇತುದಾರರಾಗಿ ಜಮ್ಶೆಡ್‌ಪುರ, ಶಿಲ್ಲಾಂಗ್ ತಿರುಗಿದರು. 2020ರಲ್ಲಿ 49ನೆಯ ವಯಸ್ಸಿಗೇ ತೀರಿಕೊಂಡ ಅವರಿಗೆ ಹುಟ್ಟೂರಿನ ದೊಡ್ಡ ಕ್ಲಬ್ಬಿನ ಮುಖ್ಯ ತಂಡವನ್ನು ನಡೆಸುವ ಯೋಗ ಬರಲೇ ಇಲ್ಲ.

2013ರಿಂದ 2024ರವರೆಗೆ ಬೆಂಗಳೂರು ಎಫ್‌ಸಿ ನೇಮಿಸಿಕೊಂಡ ಪೂರ್ಣಾವಧಿ ಮುಖ್ಯ ತರಬೇತುದಾರರೆಲ್ಲ ಯೂರೋಪಿನವರೇ. ಭಾರತಕ್ಕೆ ಬ್ಯಾಕ್ ಆಡಿದ್ದ ನೌಷಾದ್ ಮೂಸಾ ವರ್ಷಗಟ್ಟಲೆ ಅಲ್ಲಿಯ ಎರಡನೆಯ ತಂಡವನ್ನು ತಿದ್ದಿದವರು. ಅವರಿಗೆ 2021ರ ಜನವರಿಯಲ್ಲಿ, ಸ್ಪೇನಿನವರನ್ನು ಬಿಡಿಸಿದ ಮೇಲೆ, ಸಿಕ್ಕಿದ್ದು ಹಂಗಾಮಿ ಮೇಸ್ತ್ರಿಗಿರಿ. ಬಿಳಿಯನು ಬಂದದ್ದಕ್ಕೆ ನನಗೆ ಕೋಪವಿಲ್ಲ. ಕಸುಬು ತಿಳಿದವನು ಎಲ್ಲಿಂದ ಬಂದರೂ ಕಸುಬುದಾರನೇ. ಆದರೆ ಗುಮಾಸ್ತನ ಕೆಲಸಕ್ಕೆ ಮಾತ್ರ ನಮ್ಮವರು, ಮೇಲಿನ ಕುರ್ಚಿಗೆ ಸೀಮೆಯಿಂದ ಸಾಹೇಬ ಎಂಬ ಪದ್ಧತಿ 1947ಕ್ಕೇ ಮುಗಿಯಿತೆಂದು ನಾವು ತಿಳಿದಿದ್ದೆವು.

ಧಣಿಯ ಮರ್ಜಿಯ ಮೇಲೆ ನಿಂತ ಆಟದ ಗತಿಯನ್ನು 2025 ತೋರಿಸಿತು. ಫೆಡರೇಷನ್ನು 2010ರಲ್ಲಿ ಭಾರತದ ಫುಟ್‌ಬಾಲ್ ವ್ಯಾಪಾರವನ್ನು ಹದಿನೈದು ವರ್ಷಕ್ಕೆ ರಿಲಯನ್ಸಿನ ಕೂಟಕ್ಕೆ ಬರೆದುಕೊಟ್ಟಿತ್ತು. ಆ ಕರಾರು ಮುಗಿಯುವ ಹೊತ್ತಿಗೆ ಹೊಸ ಏರ್ಪಾಡಾಗದೆ ಲೀಗು ತಡೆದು ನಿಂತಿತು. ಆಗಸ್ಟ್ ತಿಂಗಳಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಛೆಟ್ರಿಯಂಥವರು ತಡೆದುಕೊಂಡಾರು. ಪಟ್ಟಿಯ ಕೊನೆಯಲ್ಲಿರುವ ಇಪ್ಪತ್ತು ವರ್ಷದ ಹುಡುಗ, ಅಂಗಿ ಒಗೆಯುವವ, ಮೈ ತಿಕ್ಕುವವ? ಮೈಸೂರಿನ ಕೃಷ್ಣರಾಜೇಂದ್ರ ಗಿರಣಿ ಮುಚ್ಚಿದ್ದನ್ನು ಕಂಡ ಮನೆಗಳಿಗೆ ಇಂಥ ಸುದ್ದಿಯ ಅರ್ಥ ತಿಳಿಯುತ್ತದೆ. ಸಾಲ ಕೊಟ್ಟಿದ್ದ ದಿನಸಿ ಅಂಗಡಿಯವನಿಗೂ ತಿಳಿಯುತ್ತದೆ.

ಇಷ್ಟಾದರೂ ಹುಡುಗರು ಆಟ ಬಿಟ್ಟಿಲ್ಲ. 2023ರ ಮಾರ್ಚ್ 4ರಂದು ರಿಯಾದ್ ನಗರದಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಮಣಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ಹುಡುಗರು ನಮ್ಮ ಹೋಬಳಿಯಿಂದಲೂ ಹೋಗಬೇಕಾದರೆ ಮೈದಾನ ಬೇಕು, ಕಲಿಸುವವರಿಗೆ ಸಂಬಳ ಬೇಕು. ಹಣವೆಲ್ಲಿದೆ ಎಂದು ಕೇಳುವವರಿಗೆ ಉತ್ತರ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿದೆ. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡು ಪಾಲನ್ನು ಸಮಾಜದ ಕೆಲಸಕ್ಕೆ ವೆಚ್ಚ ಮಾಡಬೇಕು. ಅದೇ ಕಾಯಿದೆಯ ಏಳನೆಯ ಷೆಡ್ಯೂಲಿನಲ್ಲಿ ಹಳ್ಳಿಯ ಆಟಗಳ ತರಬೇತಿಯೂ ಸೇರಿದೆ. ಹೀಗೆ ಮಾಡಿದ ಖರ್ಚಿನ ವಿವರವನ್ನು ಕಂಪನಿಗಳು ವರ್ಷವರ್ಷವೂ ವರದಿಯಲ್ಲಿ ಅಚ್ಚು ಹಾಕಿಸಲೇಬೇಕು. ಮೂಗೂರಿನ ತರುಣರು ಆ ವರದಿಗಳನ್ನು ತರಿಸಿ ಓದಲಿ. ಎಷ್ಟು ರೂಪಾಯಿ ಯಾವ ಊರಿಗೆ ಹೋಗಿದೆ ಎಂದು ಬರೆದಿಟ್ಟುಕೊಂಡು ಮುಂದಿನ ಗ್ರಾಮಸಭೆಗೆ ಬರಲಿ.